ಪರದೇಶಿಯ ಪಾಠ: ಮೆಕ್ಸಿಕೋದಲ್ಲಿ ಸ್ಪ್ಯಾನಿಷ್ ಕಲಿತ ಇಬ್ಬರು

ಓದುಗರೇ, ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೇರೆ ದೇಶದವನು ಎಂಬುದು ಒಂದು. ದಿಕ್ಕಿಲ್ಲದವನು, ಕೇಳುವವರಿಲ್ಲದವನು ಎಂಬುದು ಇನ್ನೊಂದು. ‘ನನ್ನನ್ನು ಪರದೇಶಿ ಮಾಡಿ ಹೋದೆಯಲ್ಲಾ’ ಎಂದು ಯಾರಾದರೂ ಗೋಳಿಡುವಾಗ ಅಲ್ಲಿ ಪಾಸ್‌ಪೋರ್ಟಿನ ಪ್ರಶ್ನೆಯೇ ಏಳುವುದಿಲ್ಲ. ಈ ಎರಡು ಅರ್ಥಗಳನ್ನೂ ಒಟ್ಟಿಗೆ ಅನುಭವಿಸಿದ ಇಬ್ಬರ ಕಥೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ.

ವಿದೇಶದಲ್ಲಿ ಒಬ್ಬರೇ ನೆಲೆಸಿ ಅಲ್ಲಿಯ ಭಾಷೆ ಕಲಿಯುವುದನ್ನು ಕುರಿತ ನಮ್ಮ ಮಾತುಕತೆಯಲ್ಲಿ ಇಂದಿನ ಯುವಕ ಯುವತಿಯರ ವಿಷಯವೇ ಹೆಚ್ಚು ಸಮಯ ತೆಗೆದುಕೊಂಡಿತು. ವೀಸಾ, ಬಾಡಿಗೆ ಕೋಣೆ, ಅಡುಗೆ, ಭಾಷಾ ಶಾಲೆಯ ಶುಲ್ಕ ಇವೆಲ್ಲ ಆದ ಮೇಲೆ ಇತಿಹಾಸಕ್ಕೆ ಉಳಿದದ್ದು ನಾಲ್ಕೇ ನಿಮಿಷ. ಟೆಲಿವಿಷನ್ನಿನ ಗಡಿಯಾರ ಯಾರ ಮುಲಾಜನ್ನೂ ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ಅಲ್ಲಿ ಹಿಡಿಸದೆ ಹೋದದ್ದನ್ನು ಈ ಪುಟಗಳಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯವರ ಹೆಸರು ನೀವು ಬಲ್ಲಿರಿ: ಎಂ.ಎನ್. ರಾಯ್. ಆದರೆ 1915ರಲ್ಲಿ ಅವರು ಹಿಂದೂಸ್ಥಾನವನ್ನು ಬಿಟ್ಟಾಗ ಆ ಹೆಸರೇ ಇರಲಿಲ್ಲ. ಅವರು ಬಂಗಾಳದ ನರೇಂದ್ರನಾಥ ಭಟ್ಟಾಚಾರ್ಯ. ಹುಟ್ಟಿದ್ದು 1887ರಲ್ಲಿ. ಬಾಘಾ ಜತಿನ್ ಎಂದು ಪ್ರಸಿದ್ಧರಾಗಿದ್ದ ಜತೀಂದ್ರನಾಥ ಮುಖರ್ಜಿಯವರ ಕ್ರಾಂತಿಕಾರಿ ಗುಂಪಿನಲ್ಲಿದ್ದವರು. ಮೊದಲನೆಯ ಮಹಾಯುದ್ಧ ನಡೆಯುತ್ತಿತ್ತು. ಬ್ರಿಟನ್ನಿನ ಶತ್ರುವಾದ ಜರ್ಮನಿಯಿಂದ ಶಸ್ತ್ರಾಸ್ತ್ರ ಪಡೆದು ಬಂಗಾಳದ ಕರಾವಳಿಯಲ್ಲಿ ಇಳಿಸಬೇಕೆಂಬ ಯೋಜನೆ ಹೊತ್ತು ಅವರು ಜಾವಾ ದ್ವೀಪದ ಬಟೇವಿಯಕ್ಕೆ ಹೋದರು. ಶಸ್ತ್ರ ಬರಲಿಲ್ಲ. 1915ರ ಸೆಪ್ಟೆಂಬರಿನಲ್ಲಿ ಬಾಲಸೋರಿನ ಬಳಿ ಪೊಲೀಸರೊಡನೆ ನಡೆದ ಕಾಳಗದಲ್ಲಿ ಬಾಘಾ ಜತಿನ್ ಗಾಯಗೊಂಡು ತೀರಿಕೊಂಡರು. ನರೇಂದ್ರನಿಗೆ ವಾಪಸು ಬರಲು ದಾರಿಯೂ ಉಳಿಯಲಿಲ್ಲ, ಬಂದರೆ ಹೇಳಿಕೊಳ್ಳಲು ನಾಯಕನೂ ಉಳಿಯಲಿಲ್ಲ.

ಜಪಾನ್, ಚೀನಾ ಸುತ್ತಿ, ಪಾಂಡಿಚೇರಿಯ ಕ್ರೈಸ್ತ ಧರ್ಮಶಾಸ್ತ್ರದ ವಿದ್ಯಾರ್ಥಿ ಚಾರ್ಲ್ಸ್ ಮಾರ್ಟಿನ್ ಎಂಬ ಸೋಗಿನಲ್ಲಿ 1916ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೋ ಬಂದರಿನಲ್ಲಿ ಇಳಿದರು. ಹತ್ತಿರದ ಸ್ಟ್ಯಾನ್‌ಫರ್ಡ್‌ನಲ್ಲಿ ಬಂಗಾಳದ ಲೇಖಕ ಧನಗೋಪಾಲ ಮುಖರ್ಜಿಯವರು ಹಳೆಯ ಹೆಸರನ್ನು ಕಳಚಿಬಿಡುವಂತೆ ಸಲಹೆ ಮಾಡಿದರು. ಹೀಗೆ ಮಾನವೇಂದ್ರನಾಥ ರಾಯ್ ಹುಟ್ಟಿದರು. ಅಲ್ಲಿಯೇ ಅವರಿಗೆ ಈವ್ಲಿನ್ ಟ್ರೆಂಟ್ ಎಂಬ ಪದವೀಧರೆಯ ಪರಿಚಯವಾಯಿತು. ಮುಂದೆ ಅವರಿಬ್ಬರೂ ವಿವಾಹವಾದರು. 1917ರಲ್ಲಿ ಅಮೆರಿಕ ಯುದ್ಧಕ್ಕೆ ಇಳಿಯುವ ಹೊತ್ತಿಗೆ ಅಲ್ಲಿದ್ದ ಭಾರತೀಯ ಕ್ರಾಂತಿಕಾರಿಗಳ ಬೇಟೆ ಶುರುವಾಯಿತು. ನ್ಯೂಯಾರ್ಕಿನಲ್ಲಿ ರಾಯ್ ಬಂಧಿತರಾಗಿ ಬಿಡುಗಡೆಯಾದರು. ಮತ್ತೆ ವಿಚಾರಣೆಗೆ ನಿಲ್ಲದೆ ದಕ್ಷಿಣದ ಗಡಿ ದಾಟಿ ಮೆಕ್ಸಿಕೋ ಸೇರಿದರು. ಕೈಯಲ್ಲಿ ಸ್ಟ್ಯಾನ್‌ಫರ್ಡಿನ ಡೇವಿಡ್ ಸ್ಟಾರ್ ಜೋರ್ಡನ್ ಅವರು ಯುಕಾತಾನ್ ಪ್ರಾಂತ್ಯದ ಗವರ್ನರ್ ಜನರಲ್ ಸಾಲ್ವದೋರ್ ಆಲ್ವರಾದೊಗೆ ಬರೆದುಕೊಟ್ಟಿದ್ದ ಪರಿಚಯ ಪತ್ರವಿತ್ತು. ಬಾಯಲ್ಲಿ ಸ್ಪ್ಯಾನಿಷ್ ಇರಲಿಲ್ಲ.

ಆಗ ಮೆಕ್ಸಿಕೋ ಹೇಗಿತ್ತು ಎಂಬುದನ್ನು ಸ್ವಲ್ಪ ಹೇಳಬೇಕು. 1910ರಲ್ಲಿ ಆರಂಭವಾದ ಕ್ರಾಂತಿ ಏಳು ವರ್ಷಗಳಾದರೂ ಪೂರ್ತಿ ತಣಿದಿರಲಿಲ್ಲ. ದಕ್ಷಿಣದಲ್ಲಿ ರೈತ ನಾಯಕ ಎಮಿಲಿಯಾನೊ ಸಪಾತಾ ಇನ್ನೂ ಕುದುರೆಯ ಮೇಲಿದ್ದ. ಅಧ್ಯಕ್ಷ ವೆನುಸ್ತಿಯಾನೊ ಕರಾನ್ಸಾ ಅವರ ಸರ್ಕಾರ 1917ರ ಫೆಬ್ರವರಿಯಲ್ಲಿ ಹೊಸ ಸಂವಿಧಾನ ತಂದಿತ್ತು. ಅದರ 27ನೇ ವಿಧಿ ನೆಲವೂ ನೆಲದಡಿಯ ಎಣ್ಣೆಯೂ ಮೂಲತಃ ರಾಷ್ಟ್ರದ್ದೆಂದು ಸಾರಿತ್ತು. 123ನೇ ವಿಧಿ ಕಾರ್ಮಿಕರಿಗೆ ದಿನಕ್ಕೆ ಎಂಟು ಗಂಟೆಯ ದುಡಿಮೆಯನ್ನು ನಿಗದಿಪಡಿಸಿತ್ತು. ರಷ್ಯದ ಅಕ್ಟೋಬರ್ ಕ್ರಾಂತಿ ಇನ್ನೂ ನಡೆದೇ ಇರಲಿಲ್ಲ ಎಂಬುದನ್ನು ನೆನಪಿಡಿ. ಅಮೆರಿಕದಲ್ಲಿ ಕಡ್ಡಾಯ ಸೈನ್ಯ ಸೇವೆಯನ್ನು ತಪ್ಪಿಸಿಕೊಂಡ ತರುಣರೂ, ಜರ್ಮನ್ ಗೂಢಚಾರರೂ, ಎಣ್ಣೆ ಕಂಪನಿಗಳ ದಲ್ಲಾಳಿಗಳೂ ಮೆಕ್ಸಿಕೋ ನಗರದ ಹೋಟೆಲುಗಳಲ್ಲಿ ತುಂಬಿದ್ದರು. ಅವರೊಡನೆ ಇಂಗ್ಲಿಷಿನಲ್ಲಿಯೇ ಕಾಲ ಕಳೆಯಬಹುದಿತ್ತು. ಅನೇಕರು ಹಾಗೆಯೇ ಕಳೆದರು ಕೂಡ. ರಾಯ್ ಹಾಗೆ ಮಾಡಲಿಲ್ಲ ಎಂಬುದೇ ಅವರ ಕಥೆಯ ತಿರುವು.

ಈಗ ಸ್ವಲ್ಪ ಭಾಷೆಯ ಕಡೆಗೆ ಬನ್ನಿ. ಸ್ಪ್ಯಾನಿಷ್ ನಮಗೆ ತೀರ ಅಪರಿಚಿತವೆಂದು ತಿಳಿಯಬೇಡಿ. ಅದರ ಒಡಹುಟ್ಟಾದ ಪೋರ್ಚುಗೀಸ್ ಗೋವೆಯ ಮೂಲಕ ನಮ್ಮ ಮನೆಯೊಳಗೆ ಬಂದು ಕೂತಿದೆ. ನಾವು ಹೇಳುವ ಪಾದ್ರಿ ಅಲ್ಲಿಯ ಪಾದ್ರೆ. ಉತ್ತರ ಕರ್ನಾಟಕದವರು ತಿಂಗಳ ಕೊನೆಗೆ ಕಾಯುವ ಪಗಾರ, ಸ್ಪ್ಯಾನಿಷ್‌ನಲ್ಲಿ ಹಣ ಕೊಡುವುದಕ್ಕಿರುವ ಕ್ರಿಯಾಪದದ ಹತ್ತಿರದ ನೆಂಟ. ಟೊಮೇಟೊ ಎಂಬ ಪದವಂತೂ ಮೆಕ್ಸಿಕೋದ ಮೂಲನಿವಾಸಿಗಳ ನಾವತ್ಲ್ ಭಾಷೆಯಲ್ಲಿ ಹುಟ್ಟಿ, ಸ್ಪ್ಯಾನಿಷ್ ಬಾಯಿಗೆ ಬಿದ್ದು, ಅಲ್ಲಿಂದ ಲೋಕವನ್ನೆಲ್ಲ ಸುತ್ತಿ ನಮ್ಮ ಸಾರಿನ ಪಾತ್ರೆಗೆ ಇಳಿದದ್ದು.

ವ್ಯಾಕರಣದಲ್ಲಿಯೂ ಭಾರತೀಯನಿಗೆ ಕೆಲವು ಅನುಕೂಲಗಳುಂಟು. ‘ಮಾತಾಡುತ್ತೇನೆ’ ಎಂದರೆ ಸಾಕು, ‘ನಾನು’ ಎಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಕ್ರಿಯಾಪದದ ಬಾಲವೇ ಯಾರು ಎಂಬುದನ್ನು ಹೇಳಿಬಿಡುತ್ತದೆ. ಸ್ಪ್ಯಾನಿಷ್‌ನ ‘ಆಬ್ಲೊ’ ಕೂಡ ಹಾಗೆಯೇ. ಇಂಗ್ಲಿಷರಿಗೆ ಇದು ಕಷ್ಟ, ನಮಗಲ್ಲ. ಇನ್ನೊಂದು, ನೀನು ಮತ್ತು ನೀವು ಎಂಬ ಭೇದ. ಅಲ್ಲಿ ‘ತೂ’ ಎಂದರೆ ನೀನು, ‘ಉಸ್ತೇದ್’ ಎಂದರೆ ನೀವು. ಈ ಉಸ್ತೇದ್ ಎಂಬುದು ‘ತಮ್ಮ ಕೃಪೆ’ ಎಂಬರ್ಥದ ಹಳೆಯ ದರ್ಬಾರಿ ಸಂಬೋಧನೆ ಸವೆದು ಆದ ಪದ. ಆದಕಾರಣ ಅದಕ್ಕೆ ಮಧ್ಯಮ ಪುರುಷದ ಕ್ರಿಯಾಪದ ಹತ್ತುವುದಿಲ್ಲ, ಪ್ರಥಮ ಪುರುಷದ್ದೇ ಬೇಕು. ‘ಸ್ವಾಮಿಗಳು ಯಾವಾಗ ಬಂದರು?’ ಎಂದು ಎದುರಿಗೆ ನಿಂತವರನ್ನೇ ಕೇಳುವ ನಮ್ಮ ಹಿರಿಯರ ಪದ್ಧತಿಯನ್ನು ನೆನೆದರೆ ಇದು ಕೂಡಲೇ ಅರ್ಥವಾಗುತ್ತದೆ. ಬಂಗಾಳಿಯಲ್ಲಿ ಆಪನಿ, ತುಮಿ, ತುಯಿ ಎಂಬ ಮೂರು ಮೆಟ್ಟಿಲುಗಳಿವೆ. ಯಾರಿಗೆ ಯಾವ ಮೆಟ್ಟಿಲು ಎಂಬ ಸೂಕ್ಷ್ಮವನ್ನು ಭಟ್ಟಾಚಾರ್ಯರ ಮನೆಯ ಹುಡುಗನಿಗೆ ಮೆಕ್ಸಿಕೋದಲ್ಲಿ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಕಷ್ಟಗಳೂ ಇದ್ದವು. ಸ್ಪ್ಯಾನಿಷ್‌ನಲ್ಲಿ ನಿರ್ಜೀವ ವಸ್ತುವಿಗೂ ಲಿಂಗವಿದೆ. ಮೇಜು ಹೆಣ್ಣು, ಪುಸ್ತಕ ಗಂಡು. ಬಂಗಾಳಿಯಲ್ಲಿ ಮನುಷ್ಯರಿಗೇ ‘ಅವನು’, ‘ಅವಳು’ ಎಂಬ ಭೇದವಿಲ್ಲ, ಎರಡಕ್ಕೂ ಒಂದೇ ಸರ್ವನಾಮ. ಇದಲ್ಲದೆ ‘ಇರು’ ಎಂಬುದಕ್ಕೆ ಅಲ್ಲಿ ಎರಡು ಕ್ರಿಯಾಪದಗಳು. ಸ್ಥೂಲವಾಗಿ ಹೇಳುವುದಾದರೆ, ಸ್ವಭಾವವನ್ನು ಹೇಳುವುದಕ್ಕೆ ಒಂದು, ಸ್ಥಿತಿಯನ್ನು ಹೇಳುವುದಕ್ಕೆ ಇನ್ನೊಂದು. ನಾನು ಮೇಷ್ಟ್ರು ಎನ್ನುವಾಗ ಒಂದು, ನಾನು ದಣಿದಿದ್ದೇನೆ ಎನ್ನುವಾಗ ಮತ್ತೊಂದು. ಎಲ್ಲಕ್ಕಿಂತ ತಮಾಷೆಯ ತೊಡಕೆಂದರೆ ತಾನು ಯಾರೆಂದು ಹೇಳಿಕೊಳ್ಳುವುದು. ಕೊಲಂಬಸ್ ಮಾಡಿದ ತಪ್ಪಿನಿಂದಾಗಿ ‘ಇಂದಿಯೊ’ ಎಂದರೆ ಅಲ್ಲಿ ಅಮೆರಿಕದ ಮೂಲನಿವಾಸಿ. ಆದ್ದರಿಂದ ನಿಜವಾದ ಇಂಡಿಯಾದವನು ಅಲ್ಲಿ ‘ಇಂದೂ’. ಹಿಂದೂ, ಮುಸಲ್ಮಾನ, ಸಿಖ್ ಯಾರೇ ಆಗಲಿ, ಅಲ್ಲಿಯವರ ಬಾಯಲ್ಲಿ ಎಲ್ಲರೂ ಇಂದೂಗಳೇ!

ಮೆಕ್ಸಿಕೋ ನಗರದಲ್ಲಿ ‘ಎಲ್ ಪುಯೆಬ್ಲೊ’ ಎಂಬ ಪತ್ರಿಕೆ ಇತ್ತು. ಅದು ಸರ್ಕಾರದ ದನಿಯಂತೆಯೇ ಇದ್ದ ಪತ್ರಿಕೆ. ಭಾರತದ ಪರಿಸ್ಥಿತಿಯ ಮೇಲೆ ಲೇಖನಗಳನ್ನು ಬರೆಯುವಂತೆ ಅದು ರಾಯ್ ಅವರನ್ನು ಕೇಳಿತು. ಮೊದಮೊದಲು ಅವರು ಇಂಗ್ಲಿಷಿನಲ್ಲಿ ಬರೆಯುವುದು, ಬೇರೆಯವರು ಸ್ಪ್ಯಾನಿಷ್‌ಗೆ ತಿರುಗಿಸುವುದು. ಅನುವಾದಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಂದರ್ಶನ ಚಿತ್ರೀಕರಿಸಿದ ನನ್ನಂಥವರಿಗೆ ಇದರ ಸಂಕಟ ಗೊತ್ತು. ಅತಿಥಿ ಎರಡು ನಿಮಿಷ ಭಾವುಕರಾಗಿ ಮಾತಾಡುತ್ತಾರೆ. ಅನುವಾದಕರು ‘ಅವರಿಗೆ ತುಂಬ ಸಂತೋಷವಾಗಿದೆಯಂತೆ’ ಎನ್ನುತ್ತಾರೆ. ಅರ್ಥ ಬಂತು, ಮನುಷ್ಯ ಬರಲಿಲ್ಲ. ವಾದ ಮಾಡಬೇಕಾದವನಿಗೆ, ಸಭೆಯಲ್ಲಿ ಎದ್ದು ನಿಂತು ಅಡ್ಡ ಪ್ರಶ್ನೆಗೆ ಉತ್ತರ ಕೊಡಬೇಕಾದವನಿಗೆ ಇದು ಸಾಲದು. ರಾಯ್ ಶ್ರದ್ಧೆಯಿಂದ ಸ್ಪ್ಯಾನಿಷ್ ಕಲಿಯತೊಡಗಿದರು. 1918ರಲ್ಲಿ ಭಾರತದ ಹಿಂದಿನ, ಇಂದಿನ, ಮುಂದಿನ ಸ್ಥಿತಿಯನ್ನು ಕುರಿತ ಅವರ ದೊಡ್ಡ ಪುಸ್ತಕ ಸ್ಪ್ಯಾನಿಷ್‌ನಲ್ಲಿ ಮೆಕ್ಸಿಕೋದಲ್ಲಿಯೇ ಪ್ರಕಟವಾಯಿತು. ಗಡಿ ದಾಟಿ ಬಂದು ಆಗ ಎರಡು ವರ್ಷವೂ ಆಗಿರಲಿಲ್ಲ.

ಇದನ್ನು ಪವಾಡವೆಂದು ವರ್ಣಿಸುವುದು ನನಗೆ ಇಷ್ಟವಿಲ್ಲ. ಅವರಿಗೆ ಬಿಡುವೂ ಇತ್ತು, ಹಣವೂ ಇತ್ತು. ಜಾವಾದ ಕಾಲದಿಂದ ಪರಿಚಯವಿದ್ದ ಜರ್ಮನರು ಮೆಕ್ಸಿಕೋದಲ್ಲಿ ಮತ್ತೆ ಸಿಕ್ಕಿ ಧಾರಾಳವಾಗಿ ಹಣ ಕೊಟ್ಟರೆಂದು ರಾಯ್ ತಮ್ಮ ಸ್ಮೃತಿಗಳಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಆ ಹಣ ಮತ್ತೊಮ್ಮೆ ಶಸ್ತ್ರಾಸ್ತ್ರ ಸಾಗಿಸುವುದಕ್ಕೆಂದು ಕೊಟ್ಟದ್ದು. ಅದಕ್ಕಾಗಿ ಪೂರ್ವಕ್ಕೆ ಹೊರಡಲು ಪೆಸಿಫಿಕ್ ತೀರದವರೆಗೂ ಹೋಗಿ, ಹಡಗು ಸಿಗದೆ ಹಿಂತಿರುಗಿದರು. ಆಮೇಲೆ ಹೊರಡುವ ಯೋಚನೆಯನ್ನೇ ಬಿಟ್ಟು, ಮೆಕ್ಸಿಕೋ ನಗರದ ಕೊಲೋನಿಯ ರೋಮಾ ಬಡಾವಣೆಯಲ್ಲಿ ಮನೆ ಮಾಡಿದರು. ಚದುರಂಗ, ಸ್ನೇಹಿತರು, ಗ್ರಂಥಗಳು ಇವುಗಳ ನಡುವೆ ಭಾಷೆ ಬಂತು. ಇಂದು ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು ಸಂಜೆ ಸ್ಪ್ಯಾನಿಷ್ ತರಗತಿಗೆ ಓಡುವ ನಮ್ಮ ಹುಡುಗರ ಸ್ಥಿತಿಗೂ ಇದಕ್ಕೂ ಹೋಲಿಕೆ ಮಾಡಬಾರದು.

ಇನ್ನೊಂದು ಮಾತನ್ನೂ ಹೇಳಲೇಬೇಕು. ರಾಯ್ ಮೆಕ್ಸಿಕೋಗೆ ಒಂಟಿಯಾಗಿ ಹೋಗಲಿಲ್ಲ, ಈವ್ಲಿನ್ ಜೊತೆಗಿದ್ದಳು. ಅವನ ಕೆಲಸಗಳಲ್ಲಿ ಸಮಪಾಲು ಹೊತ್ತವಳು. ಮಾಸ್ಕೋ, ತಾಷ್ಕೆಂಟಿನವರೆಗೂ ಹೋದವಳು. ಶಾಂತಿ ದೇವಿ ಎಂಬ ಹೆಸರಿನಲ್ಲಿ ಲೇಖನ ಬರೆದವಳು. 1925ರಲ್ಲಿ ಇಬ್ಬರೂ ಬೇರೆಯಾದರು. ಮುಂದೆ ರಾಯ್ ಬರೆದ ಆರುನೂರು ಪುಟಗಳಷ್ಟು ದೊಡ್ಡ ಸ್ಮೃತಿಗ್ರಂಥದಲ್ಲಿ ಅವಳ ಪ್ರಸ್ತಾಪವೇ ಇಲ್ಲ. ಒಂದು ಹೊಸ ಭಾಷೆಯಲ್ಲಿ ಹೊಸ ಮನುಷ್ಯನಾಗುವವನು ಹಳೆಯದರಲ್ಲಿ ಯಾವುದನ್ನು ಬಿಟ್ಟುಬಿಡುತ್ತಾನೆ ಎಂಬುದಕ್ಕೆ ಇದೂ ಒಂದು ಸಾಕ್ಷಿ. ಅವರ ಅಭಿಮಾನಿಗಳು ಈ ಮೌನಕ್ಕೆ ಕಾರಣಗಳನ್ನು ಹುಡುಕಿದ್ದಾರೆ. ನನಗಂತೂ ಯಾವ ಕಾರಣವೂ ಸಮಾಧಾನ ತಂದಿಲ್ಲ.

ಭಾಷೆ ಬಂದ ಮೇಲೆ ರಾಜಕೀಯ ತಡವಾಗಲಿಲ್ಲ. ಮೆಕ್ಸಿಕೋದ ಸಮಾಜವಾದಿಗಳ ನಡುವೆ ರಾಯ್ ಮುಂದಾಳಾದರು. 1919ರಲ್ಲಿ ರಷ್ಯದಿಂದ ಮಿಖಾಯಿಲ್ ಬೊರೊದಿನ್ ಎಂಬ ದೂತ ಬಂದ. ದಿನಗಟ್ಟಲೆ ನಡೆದ ಚರ್ಚೆಗಳಲ್ಲಿ ಅವನು ರಾಯ್ ಅವರನ್ನು ಮಾರ್ಕ್ಸ್‌ವಾದದ ಕಡೆಗೆ ಒಲಿಸಿದ. ಅದೇ ವರ್ಷದ ಕೊನೆಗೆ ಮೆಕ್ಸಿಕೋದ ಕಮ್ಯುನಿಸ್ಟ್ ಪಕ್ಷ ಸ್ಥಾಪನೆಯಾದಾಗ ಅದರ ಮುಂಚೂಣಿಯಲ್ಲಿ ಒಬ್ಬ ಬಂಗಾಳಿ ಇದ್ದ. ತನ್ನ ಸ್ವಂತ ದೇಶದಲ್ಲಿ ಅಂಥ ಪಕ್ಷ ಇನ್ನೂ ಇರಲಿಲ್ಲ. ವರ್ಷ ಮುಗಿಯುವ ಹೊತ್ತಿಗೆ ರಾಯ್ ಮೆಕ್ಸಿಕೋದ ಪಾಸ್‌ಪೋರ್ಟಿನಲ್ಲಿ, ವಿಲ್ಯಾಗಾರ್ಸಿಯಾ ಎಂಬ ಮನೆತನದ ಹೆಸರು ಹೊತ್ತು, ಹಡಗು ಹತ್ತಿ ಸ್ಪೇನಿನ ಮೂಲಕ ಬರ್ಲಿನ್ನಿಗೆ ಹೊರಟರು. 

ಇಲ್ಲಿ ಸ್ವಲ್ಪ ನಿಲ್ಲಿ. ಪಾಸ್‌ಪೋರ್ಟನ್ನು ಯಾರು ಬೇಕಾದರೂ ತೋರಿಸಬಹುದು. ಬಂದರಿನ ಅಧಿಕಾರಿ ಎರಡು ಮಾತು ಕೇಳಿದರೆ ನಾಲಿಗೆಯೇ ಪಾಸ್‌ಪೋರ್ಟು. ಸ್ಪೇನಿನ ಕಸ್ತಿಲ್ಯ ಪ್ರಾಂತದವರು ‘ಗ್ರಾಸಿಯಾಸ್’ ಎನ್ನುವಾಗ ನಡುವಿನ ಅಕ್ಷರವನ್ನು ಹಲ್ಲಿನ ನಡುವೆ ನಾಲಿಗೆ ಇಟ್ಟು ‘ಥ’ಕಾರದಂತೆ ಉಚ್ಚರಿಸುತ್ತಾರೆ. ಮೆಕ್ಸಿಕೋದವರು ನೇರವಾಗಿ ‘ಸ’ ಎನ್ನುತ್ತಾರೆ. ರಾಯ್ ಕಲಿತದ್ದು ಮೆಕ್ಸಿಕೋದ ‘ಸ’. ಪುಸ್ತಕದಿಂದ ಕಲಿತ ಅಚ್ಚುಕಟ್ಟಾದ ಮ್ಯಾಡ್ರಿಡ್ ಉಚ್ಚಾರಣೆಗಿಂತ ಅದೇ ಅಲ್ಲಿ ಅವರನ್ನು ಕಾಯುವಂಥದು. ಧಾರವಾಡದ ಹೆಸರು ಹೇಳಿಕೊಂಡವನು ಮೈಸೂರಿನ ಕನ್ನಡ ಆಡಿದರೆ ನೀವು ಹುಬ್ಬೇರಿಸುವುದಿಲ್ಲವೇ?

ಮುಂದಿನದು ಪಠ್ಯಪುಸ್ತಕಗಳಲ್ಲಿದೆ. 1920ರಲ್ಲಿ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್‌ನ ಎರಡನೆಯ ಮಹಾಧಿವೇಶನದಲ್ಲಿ ರಾಯ್ ಮೆಕ್ಸಿಕೋದ ಪ್ರತಿನಿಧಿಯಾಗಿ ಕುಳಿತು, ವಸಾಹತುಗಳ ಪ್ರಶ್ನೆಯ ಮೇಲೆ ಲೆನಿನ್ನನ ಪ್ರಬಂಧಕ್ಕೆ ಪೂರಕವಾಗಿ ತಮ್ಮದೇ ಪ್ರಬಂಧವನ್ನು ಮಂಡಿಸಿದರು. 1929ರಲ್ಲಿ ಆ ಸಂಸ್ಥೆಯಿಂದ ಹೊರಬಿದ್ದರು. 1930ರ ಕೊನೆಗೆ ಗುಟ್ಟಾಗಿ ಭಾರತಕ್ಕೆ ಬಂದು, ಮರುವರ್ಷ ಸೆರೆಸಿಕ್ಕಿ, 1936ರವರೆಗೆ ಜೈಲಿನಲ್ಲಿದ್ದರು. ಕೊನೆಗೆ ಮಾರ್ಕ್ಸ್‌ವಾದವನ್ನೂ ದಾಟಿ ನವ ಮಾನವತಾವಾದಕ್ಕೆ ಬಂದು 1954ರಲ್ಲಿ ಡೆಹ್ರಾಡೂನಿನಲ್ಲಿ ತೀರಿಕೊಂಡರು. ಕರ್ನಾಟಕದಲ್ಲಿ ಆ ವಿಚಾರಕ್ಕೆ ಒಲಿದವರಲ್ಲಿ ಗೋಕರ್ಣದ ಗೌರೀಶ ಕಾಯ್ಕಿಣಿಯವರೂ, ಮುಂದೆ ಮುಖ್ಯಮಂತ್ರಿಯಾದ ಎಸ್.ಆರ್. ಬೊಮ್ಮಾಯಿಯವರೂ ಇದ್ದರು. ಸ್ಮೃತಿಗಳಲ್ಲಿ ರಾಯ್ ಮೆಕ್ಸಿಕೋವನ್ನು ತಮ್ಮ ಮರುಹುಟ್ಟಿನ ನೆಲವೆಂದು ಕರೆದುಕೊಂಡಿದ್ದಾರೆ. ಅಲ್ಲಿದ್ದದ್ದು ಎರಡೂವರೆ ವರ್ಷ ಮಾತ್ರ.

ಈಗ ಎರಡನೆಯವರು. ಇವರ ಹೆಸರನ್ನು ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಾರಿರಿ. ಪಾಂಡುರಂಗ ಸದಾಶಿವ ಖಾನಖೋಜೆ, ವಿದರ್ಭದ ವರ್ಧಾ ಕಡೆಯವರು. ತಿಲಕರ ಪ್ರಭಾವದಲ್ಲಿ ಬೆಳೆದು, ಚಿಕ್ಕ ವಯಸ್ಸಿನಲ್ಲಿಯೇ ದೇಶ ಬಿಟ್ಟು, ಜಪಾನಿನ ಮೂಲಕ ಅಮೆರಿಕ ಸೇರಿ, ಅಲ್ಲಿ ದುಡಿಯುತ್ತಾ ಕೃಷಿವಿಜ್ಞಾನ ಓದಿದರು. 1913ರಲ್ಲಿ ಹುಟ್ಟಿದ ಗದರ್ ಪಕ್ಷದ ಮೊದಲ ಸಾಲಿನಲ್ಲಿದ್ದರು. ಯುದ್ಧಕಾಲದಲ್ಲಿ ಪರ್ಷಿಯದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ, ಸಿಕ್ಕಿಬಿದ್ದು, ತಪ್ಪಿಸಿಕೊಂಡು, ಬರ್ಲಿನ್, ಮಾಸ್ಕೋ ಕಂಡು, 1924ರಲ್ಲಿ ಮೆಕ್ಸಿಕೋಗೆ ಬಂದರು. ಭಾರತದ ಬಾಗಿಲು ಅವರಿಗೆ ಮುಚ್ಚಿತ್ತು. ಯುರೋಪಿನಲ್ಲಿ ನೆಲೆಯಿರಲಿಲ್ಲ. ನಲವತ್ತರ ಆಸುಪಾಸಿನ ವಯಸ್ಸು. ನಾನೂ ಈಗ ಅದೇ ವಯಸ್ಸಿನವನು. ಹೊಸ ಕ್ಯಾಮೆರಾದ ಗುಂಡಿಗಳನ್ನು ಕಲಿಯುವುದಕ್ಕೇ ಮನಸ್ಸು ಹಿಂಜರಿಯುವ ಈ ವಯಸ್ಸಿನಲ್ಲಿ ಹೊಸ ಭಾಷೆಯಲ್ಲಿ ಪಾಠ ಹೇಳಿ ಹೊಟ್ಟೆ ಹೊರೆಯಬೇಕಾದವನ ಧೈರ್ಯವನ್ನು ಬಲ್ಲೆ.

ಅದೇ 1924ರ ಕೊನೆಯಲ್ಲಿ ಇನ್ನೊಬ್ಬ ಭಾರತೀಯರು ಸ್ಪ್ಯಾನಿಷ್ ಮಾತಾಡುವ ನಾಡಿನಲ್ಲಿದ್ದರು. ರವೀಂದ್ರನಾಥ ಠಾಕೂರರು ಪೆರು ದೇಶಕ್ಕೆ ಹೊರಟು, ಕಾಯಿಲೆಬಿದ್ದು, ಅರ್ಜೆಂಟೀನಾದಲ್ಲಿ ವಿಕ್ಟೋರಿಯ ಒಕಾಂಪೊ ಅವರ ಆತಿಥ್ಯದಲ್ಲಿ ಉಳಿದರು. ಅವರಿಗೆ ಸ್ಪ್ಯಾನಿಷ್ ಬೇಕಾಗಲಿಲ್ಲ, ಆತಿಥೇಯಳಿಗೇ ಇಂಗ್ಲಿಷ್ ಬರುತ್ತಿತ್ತು. ವಿಶ್ವಕವಿಗೆ ಅದು ಸಲ್ಲುತ್ತದೆ. ಖಾನಖೋಜೆಯವರಿಗೆ ಆ ಸೌಕರ್ಯ ಇರಲಿಲ್ಲ.

ಮೆಕ್ಸಿಕೋ ನಗರದ ಹೊರಗೆ ಚಾಪಿಂಗೊ ಎಂಬ ಊರು. ಹಿಂದೆ ಜಮೀನ್ದಾರರ ದೊಡ್ಡ ಹಿಡುವಳಿಯಾಗಿದ್ದ ಆ ಜಾಗಕ್ಕೆ ಕ್ರಾಂತಿಯ ನಂತರ ರಾಷ್ಟ್ರೀಯ ಕೃಷಿ ಶಾಲೆ ಬಂದಿತ್ತು. ಇಲ್ಲಿ ಭೂಮಿಯಿಂದ ದುಡಿಸಿಕೊಳ್ಳುವುದನ್ನು ಕಲಿಸುತ್ತೇವೆಯೇ ಹೊರತು ಮನುಷ್ಯನಿಂದಲ್ಲ ಎಂಬ ಅರ್ಥದ ಘೋಷಣೆ ಆ ಶಾಲೆಯದು. ಖಾನಖೋಜೆ ಅಲ್ಲಿ ಅಧ್ಯಾಪಕರಾದರು. ಒಂದು ಅನುಕೂಲ ಅವರಿಗೆ ಇದ್ದಿರಬೇಕೆಂದು ನನ್ನ ಊಹೆ: ಮರಾಠಿಯಲ್ಲಿ ಕಲ್ಲು ಗಂಡು, ಕುರ್ಚಿ ಹೆಣ್ಣು, ಮನೆ ನಪುಂಸಕ. ಮೂರು ಲಿಂಗಗಳನ್ನು ಹಾಲಿನೊಂದಿಗೆ ಕುಡಿದವನಿಗೆ ಸ್ಪ್ಯಾನಿಷ್‌ನ ಎರಡು ಯಾವ ಲೆಕ್ಕ?

ಆದರೆ ಅವರಿಗೆ ಬೇಕಾದ ಸ್ಪ್ಯಾನಿಷ್ ರಾಯ್ ಅವರಿಗೆ ಬೇಕಾದದ್ದಲ್ಲ. ಒಬ್ಬರಿಗೆ ಪತ್ರಿಕೆಯ, ವೇದಿಕೆಯ ಭಾಷೆ ಬೇಕಿತ್ತು. ಇನ್ನೊಬ್ಬರಿಗೆ ಹೊಲದ ಭಾಷೆ. ಮೆಕ್ಸಿಕೋದ ಹೊಲದ ಭಾಷೆಯಲ್ಲಿ ಅರ್ಧ ಪದಗಳು ಸ್ಪೇನಿನಿಂದ ಬಂದವೇ ಅಲ್ಲ. ಮೆಕ್ಕೆಜೋಳ, ಅವರೆ ಜಾತಿಯ ಕಾಳು, ಕುಂಬಳ ಇವುಗಳನ್ನು ಒಟ್ಟಿಗೆ ಬೆಳೆಯುವ ಹೊಲ ‘ಮಿಲ್ಪಾ’. ಹಸಿ ತೆನೆ ‘ಎಲೋತೆ’. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿದರೆ ‘ನಿಶ್ತಮಾಲ್’. ಅದನ್ನು ರುಬ್ಬುವ ಕಲ್ಲು ‘ಮೆತಾತೆ’. ಬೇಯಿಸುವ ಹೆಂಚು ‘ಕೊಮಾಲ್’. ಎಲ್ಲವೂ ನಾವತ್ಲ್ ಮೂಲದವು. ಕೊನೆಗೆ ಕೈಗೆ ಬರುವ ರೊಟ್ಟಿ ಮಾತ್ರ ಸ್ಪ್ಯಾನಿಷ್ ಹೆಸರಿನ ‘ತೋರ್ತಿಯಾ’. ಕಲ್ಲಿನ ಸದ್ದು, ಹೆಂಚಿನ ವಾಸನೆ, ಅಂಗೈಯಲ್ಲಿ ತಟ್ಟುವ ರೊಟ್ಟಿ, ನಂಚಿಕೊಳ್ಳಲು ಮೆಣಸಿನಕಾಯಿ. ಜೋಳದ ರೊಟ್ಟಿಯ ಸೀಮೆಯಿಂದ ಹೋದವರಿಗೆ ಅಲ್ಲಿಯ ಹಳ್ಳಿಮನೆ ಅಷ್ಟೇನೂ ಪರದೇಶವಾಗಿ ಕಂಡಿರಲಾರದು.

ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಈ ಭಾಗವೇ ಹೆಚ್ಚು ಪ್ರಿಯ, ಸಹಿಸಿಕೊಳ್ಳಿ. ಮೆಕ್ಕೆಜೋಳದ ಗಿಡವನ್ನು ನೀವು ನೋಡಿದ್ದೀರಿ. ನೆತ್ತಿಯ ಮೇಲಿನ ಸೂಲಂಗಿ ಗಂಡು ಹೂವು. ನಡುವೆ ತೆನೆಯ ತುದಿಯಿಂದ ಇಳಿಬೀಳುವ ರೇಷ್ಮೆಯಂಥ ಎಳೆಗಳು ಹೆಣ್ಣು ಹೂವಿನವು. ಒಂದೊಂದು ಎಳೆಯೂ ಒಂದೊಂದು ಕಾಳಿಗೆ ದಾರಿ. ಪರಾಗವನ್ನು ಗಾಳಿ ಹೊತ್ತು ತರುತ್ತದೆ. ಆದ್ದರಿಂದ ಪಕ್ಕದ ಹೊಲದ ಜೊಳ್ಳು ತಳಿ ನಿಮ್ಮ ಒಳ್ಳೆಯ ತಳಿಯನ್ನು ಕೆಡಿಸಬಲ್ಲದು. ತಳಿ ಸುಧಾರಿಸಬೇಕಾದರೆ ತೆನೆಗೆ ಚೀಲ ಕಟ್ಟಬೇಕು, ಬೇಕಾದ ಪರಾಗವನ್ನು ಕೈಯಿಂದ ಉದುರಿಸಬೇಕು, ಬಿತ್ತನೆಯ ಕಾಳನ್ನು ಕಣದ ರಾಶಿಯಿಂದಲ್ಲ, ನಿಂತ ಬೆಳೆಯಲ್ಲಿಯೇ ಗಿಡ ನೋಡಿ ಆರಿಸಬೇಕು. ಇದನ್ನು ಪ್ರಯೋಗಶಾಲೆಯಲ್ಲಿ ಮಾಡುವುದು ಸುಲಭ. ತಲೆತಲಾಂತರದಿಂದ ಜೋಳ ಬೆಳೆದ ರೈತನಿಗೆ, ಅವನ ಮನಸ್ಸು ನೋಯದಂತೆ, ಅವನದೇ ಮಾತಿನಲ್ಲಿ ಹೇಳುವುದು ಕಷ್ಟ. ಖಾನಖೋಜೆ ಎರಡನ್ನೂ ಮಾಡಿದರು.

ಅವರು ಮೆಕ್ಕೆಜೋಳವನ್ನು ತೆಯೊಸಿಂತೆ ಎಂಬ ಕಾಡುಹುಲ್ಲಿನೊಡನೆ ಸಂಕರ ಮಾಡಿ ನೋಡಿದರು. ಆ ಹುಲ್ಲಿನ ತೆನೆ ಬೆರಳಿಗಿಂತ ಸಣ್ಣದು, ಹತ್ತಾರು ಕಲ್ಲಿನಂಥ ಕಾಳುಗಳು. ಇದೇ ಮೆಕ್ಕೆಜೋಳದ ಪೂರ್ವಜ ಎಂಬುದು ಆಗ ಇತ್ಯರ್ಥವಾಗಿರಲಿಲ್ಲ. 1939ರಲ್ಲಿ ಜಾರ್ಜ್ ಬೀಡ್ಲ್ ಅದನ್ನು ಪ್ರತಿಪಾದಿಸಿದರು. ಬಹುಕಾಲ ನಡೆದ ವಾದದ ನಂತರ, ಸುಮಾರು 9000 ವರ್ಷಗಳ ಹಿಂದೆ ದಕ್ಷಿಣ ಮೆಕ್ಸಿಕೋದ ಬಾಲ್ಸಾಸ್ ನದಿಯ ಸೀಮೆಯಲ್ಲಿ ಆ ಹುಲ್ಲನ್ನೇ ಜನರು ಬೆಳೆಯಾಗಿ ಪಳಗಿಸಿದರೆಂದು ವಂಶವಾಹಿಗಳ ಅಧ್ಯಯನ ತೋರಿಸಿಕೊಟ್ಟಿತು. ದಾವಣಗೆರೆ, ಹಾವೇರಿಯ ಬಯಲಲ್ಲಿ ನೀವು ಕಾಣುವ ಗೋವಿನಜೋಳದ ಅಜ್ಜ ಆ ಹುಲ್ಲು.

ಹೊಸ ತಳಿಗಳ ಮೇಲೆ ಖಾನಖೋಜೆ ಸ್ಪ್ಯಾನಿಷ್‌ನಲ್ಲಿಯೇ ಪುಸ್ತಿಕೆಗಳನ್ನು ಪ್ರಕಟಿಸಿದರು. ಅವರ ಪ್ರಯೋಗದ ತೆನೆಗಳನ್ನು ಛಾಯಾಚಿತ್ರ ತೆಗೆದವಳು ಇಟಲಿಯಿಂದ ಬಂದ ಪ್ರಸಿದ್ಧ ಛಾಯಾಗ್ರಾಹಕಿ ಟೀನಾ ಮೊದೊತ್ತಿ. ಚಿತ್ರಕಾರ ಡಿಯೇಗೊ ರಿವೇರಾ ಅವರ ಒಡನಾಡಿ. ಇವರೆಲ್ಲ ಸೇರಿ ರೈತರಿಗಾಗಿ ಮುಕ್ತ ಕೃಷಿ ಶಾಲೆಗಳನ್ನು ನಡೆಸಿದರು. ಶುಲ್ಕವಿಲ್ಲ, ಪ್ರಮಾಣಪತ್ರದ ಹಂಗಿಲ್ಲ. ಮೆಕ್ಸಿಕೋ ನಗರದ ಶಿಕ್ಷಣ ಸಚಿವಾಲಯದ ಗೋಡೆಗಳ ಮೇಲೆ ರಿವೇರಾ 1920ರ ದಶಕದಲ್ಲಿ ಬರೆದ ಭಿತ್ತಿಚಿತ್ರಗಳಲ್ಲಿ ಒಂದರಲ್ಲಿ ಹಲವು ಬಣ್ಣದ ಜನ ಒಂದೇ ಮೇಜಿನ ಸುತ್ತ ಕುಳಿತಿದ್ದಾರೆ. ನಡುವೆ ಕುಳಿತು ರೊಟ್ಟಿ ಹಂಚುವವನ ಮುಖ ಖಾನಖೋಜೆಯವರದೆಂದು ಗುರುತಿಸಲಾಗಿದೆ. ಸ್ಪ್ಯಾನಿಷ್ ಗೊತ್ತಿಲ್ಲದೆ ಬಂದಿಳಿದವನಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಇನ್ನೇನು ಬೇಕು?

1936ರಲ್ಲಿ ಅವರು ಬೆಲ್ಜಿಯಂ ಮೂಲದ ಜೀನ್ ಎಂಬವರನ್ನು ಮದುವೆಯಾದರು. ಇಬ್ಬರು ಹೆಣ್ಣುಮಕ್ಕಳು. ಮುಂದೆ ಮಗಳು ಸಾವಿತ್ರಿ ಸಾಹ್ನಿ ತಂದೆಯ ಜೀವನಚರಿತ್ರೆ ಬರೆದರು. ಅದರಿಂದಾಗಿಯೇ ಈ ಮನುಷ್ಯ ನಮಗೆ ಮತ್ತೆ ಸಿಕ್ಕಿದ್ದಾರೆ.

ದೇಶ ಸ್ವತಂತ್ರವಾದ ಮೇಲೆ, 1949ರಲ್ಲಿ, ಖಾನಖೋಜೆ ಭಾರತಕ್ಕೆ ಬಂದರು. ಕೃಷಿ ಸಲಹೆಗಾಗಿ ಅವರನ್ನು ಕರೆಸಿಕೊಂಡದ್ದು ಸರ್ಕಾರವೇ. ಮುಂಬಯಿಯಲ್ಲಿ ಇಳಿದಾಗ ಅಧಿಕಾರಿಗಳು ಅವರನ್ನು ತಡೆದರು. ಬ್ರಿಟಿಷರು ಮಾಡಿಟ್ಟಿದ್ದ ಕಪ್ಪುಪಟ್ಟಿಯಲ್ಲಿ ಅವರ ಹೆಸರಿತ್ತು. ಬ್ರಿಟಿಷರು ಹೋಗಿ ಎರಡು ವರ್ಷವಾಗಿದ್ದರೂ ಪಟ್ಟಿಯನ್ನು ಯಾರೂ ಹರಿದು ಹಾಕಿರಲಿಲ್ಲ. ನಲವತ್ತು ವರ್ಷಗಳ ನಂತರ ತಾಯ್ನೆಲದ ಮೇಲೆ ಕಾಲಿಟ್ಟವನು ಕಾಗದಪತ್ರ ತೋರಿಸುತ್ತಾ ತಾನು ಯಾರೆಂದು ವಿವರಿಸಬೇಕಾಯಿತು. ಈ ಸಲ ಭಾಷೆಯ ತೊಂದರೆಯೇನೂ ಇರಲಿಲ್ಲ.

1955ರಲ್ಲಿ ಅವರು ಸಂಸಾರ ಸಮೇತ ನಾಗಪುರದಲ್ಲಿ ನೆಲೆಸಿದರು. 1967ರಲ್ಲಿ ಅಲ್ಲಿಯೇ ನಿಧನರಾದರು. 2022ರ ಸೆಪ್ಟೆಂಬರಿನಲ್ಲಿ ಚಾಪಿಂಗೊ ವಿಶ್ವವಿದ್ಯಾನಿಲಯದ ಆವರಣದಲ್ಲಿ ಅವರ ಪ್ರತಿಮೆಯನ್ನು ಆಗಿನ ನಮ್ಮ ಲೋಕಸಭಾಧ್ಯಕ್ಷ ಓಂ ಬಿರ್ಲಾ ಅನಾವರಣ ಮಾಡಿದರು. ಇತ್ತ ಕೊಲೋನಿಯ ರೋಮಾದಲ್ಲಿ, ರಾಯ್ ಬಾಳಿದ ಮೆರಿದಾ ರಸ್ತೆಯ ಮನೆಯಲ್ಲಿ 2010ರ ದಶಕದಲ್ಲಿ ಒಂದು ನೈಟ್ ಕ್ಲಬ್ ಆರಂಭವಾಯಿತು. ಅದಕ್ಕೆ ಇಟ್ಟ ಹೆಸರು ‘ಎಂ.ಎನ್. ರಾಯ್’.